ತಲೆ ಒಣಗಿ ಕೆರೆಯುತ್ತಿದ್ದರೆ ಕಂಡೀಷನರ್ ಬಳಸುವುದು ಹೇಗೆ

ಡಿಸೆಂಬರ್ ಬಂತೆಂದರೆ ನನ್ನ ತಲೆಗೆ ನವೆ ಶುರು. ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ಪೆನ್ನಿನ ತುದಿಯಿಂದ ಕೂದಲ ಸಂದಿಯಲ್ಲಿ ಮೆಲ್ಲಗೆ ಕೆರೆದುಕೊಳ್ಳುವುದು, ಕಪ್ಪು ಬಟ್ಟೆ ಹಾಕಿದ ದಿನವೇ ಹೆಗಲ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ ಉದುರುವುದು, ಪಕ್ಕದವರು ನೋಡುವ ಮೊದಲೇ ಕೊಡವಿಕೊಳ್ಳುವುದು. ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಚಳಿಗಾಲ ನಾನು ಇದನ್ನು ತಲೆಹೊಟ್ಟು ಅಂದುಕೊಂಡು ಹೊಟ್ಟಿನ ಶ್ಯಾಂಪೂ ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ಜಾಸ್ತಿಯಾಯಿತು. ಕೊನೆಗೆ ಚರ್ಮದ ಡಾಕ್ಟರು ತಲೆ ನೋಡಿ ಒಂದೇ ಮಾತು ಹೇಳಿದರು: "ಹೊಟ್ಟು ಎಲ್ಲಿದೆ? ಚರ್ಮ ಒಣಗಿದೆ, ಅಷ್ಟೇ."

ಹಾಗಾಗಿ ಕಂಡೀಷನರ್ ಬಾಟಲಿಗೆ ಕೈ ಹಾಕುವ ಮೊದಲು ನಿಮ್ಮದು ಯಾವ ಕೆರೆತ ಅಂತ ನೋಡಿಕೊಳ್ಳಿ. ಒಂದು ಕಪ್ಪು ಬಟ್ಟೆ ಹಾಸಿ, ತಲೆ ಬಗ್ಗಿಸಿ, ಬೆರಳಿನಿಂದ ಕೂದಲು ಕೊಡವಿ. ಬಿದ್ದದ್ದು ಸಣ್ಣ ಬಿಳಿ ಪುಡಿಯಾಗಿದ್ದು ಊದಿದರೆ ಹಾರಿಹೋಗುತ್ತದೆ, ಸ್ನಾನವಾದ ಮೇಲೆ ತಲೆ ಬಿಗಿದಂತೆ ಅನಿಸುತ್ತದೆ, ಮೊಣಕಾಲ ಕೆಳಗೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುತ್ತದೆ ಅಂದರೆ ಅದು ಹೆಚ್ಚಾಗಿ ಒಣಚರ್ಮವೇ. ಚಕ್ಕೆ ದೊಡ್ಡದಾಗಿ, ಸ್ವಲ್ಪ ಹಳದಿಯಾಗಿ, ಜಿಡ್ಡುಜಿಡ್ಡಾಗಿ ಬುಡಕ್ಕೇ ಅಂಟಿಕೊಂಡಿದ್ದರೆ, ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಸಿಪ್ಪೆ ಎದ್ದಿದ್ದರೆ ಅದು ಹೊಟ್ಟು. ಹೊಟ್ಟಿನ ಹಿಂದೆ ಮ್ಯಾಲಸೀಜಿಯ ಅನ್ನುವ ಯೀಸ್ಟ್ ಇರುತ್ತದೆ. ನಮ್ಮ ತಲೆಯ ಜಿಡ್ಡೇ ಅದಕ್ಕೆ ಊಟ. ಅದಕ್ಕೆ ಕಂಡೀಷನರ್ ಹಾಕಿ ಏನೂ ಉಪಯೋಗವಿಲ್ಲ, ಎಣ್ಣೆ ಹಾಕಿದರಂತೂ ಬಡಿಸಿ ಉಪಚಾರ ಮಾಡಿದ ಹಾಗೆ. ಕೀಟೋಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶ್ಯಾಂಪೂ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಆ ಐದು ನಿಮಿಷ ಕಾಯದೆ ಹಚ್ಚಿದ ಕೂಡಲೇ ತೊಳೆದು, ಶ್ಯಾಂಪೂ ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ.

ಮೂರನೆಯದೂ ಒಂದಿದೆ, ಹೇಳಲು ನಾಚಿಕೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದು, ಕೆರೆತ ಕಿವಿಯ ಹಿಂದೆ ಮತ್ತು ಹಿಂಗತ್ತಿನಲ್ಲೇ ಜಾಸ್ತಿ ಇದ್ದರೆ ಹೇನು ಇದೆಯಾ ನೋಡಿ. ಅಲ್ಲಿ ಕಂಡೀಷನರ್ ನಿಜಕ್ಕೂ ಉಪಕಾರಿ, ಬೇರೆ ರೀತಿಯಲ್ಲಿ. ಒದ್ದೆ ಕೂದಲಿಗೆ ಧಾರಾಳವಾಗಿ ಮೆತ್ತಿದರೆ ಹೇನು ಸ್ವಲ್ಪ ಹೊತ್ತು ಓಡಲಾರದು, ಸೀರಣಿಗೆಯೂ ಸಿಕ್ಕಿಲ್ಲದೆ ಬುಡದಿಂದ ತುದಿಯವರೆಗೆ ಸರಾಗವಾಗಿ ಬರುತ್ತದೆ. ಪ್ರತಿ ಸಲ ಬಾಚಿದ ಮೇಲೆ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆದು ಮರಿ ಹೊರಬರಲು ವಾರದ ಮೇಲೆ ಬೇಕು, ಆದ್ದರಿಂದ ಮೂರ್ನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಾಚಲೇಬೇಕು.

ಇನ್ನು ಒಣಚರ್ಮದ ವಿಷಯಕ್ಕೆ ಬರೋಣ. ಬುಡಕ್ಕೆ ಕಂಡೀಷನರ್ ಹಚ್ಚಬಾರದು, ತುದಿಗೆ ಮಾತ್ರ ಅಂತ ಎಲ್ಲರೂ ಹೇಳುತ್ತಾರೆ, ಬಾಟಲಿಯ ಮೇಲೂ ಹಾಗೇ ಬರೆದಿರುತ್ತದೆ. ಮಾತು ಸುಳ್ಳಲ್ಲ. ಜಿಡ್ಡು ತಲೆಯವರು ಬುಡಕ್ಕೆ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಹಚ್ಚಿ ಬಂದವರಂತೆ ಕಾಣುತ್ತಾರೆ. ಆದರೆ ಒಣಗಿದ ತಲೆಗೆ ಬೇಕಾಗಿರುವುದು ಅದೇ ಜಿಡ್ಡಿನ ತೆಳು ಪದರ ಅಲ್ವಾ? ಒದ್ದೆ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಕಂಡೀಷನರಿನ ಮುಖ್ಯ ಪದಾರ್ಥಕ್ಕೆ ಧನ ವಿದ್ಯುದಂಶ. ಅದಕ್ಕೇ ತೊಳೆದ ಮೇಲೂ ಒಂದಿಷ್ಟು ಅಂಟಿಕೊಂಡು ಉಳಿಯುತ್ತದೆ. ಜೊತೆಗಿರುವ ಮೇಣದಂಥ ಪದಾರ್ಥಗಳು ಚರ್ಮದ ನೀರು ಆರಿಹೋಗದಂತೆ ಮುಚ್ಚಳದ ಕೆಲಸ ಮಾಡುತ್ತವೆ, ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಔಷಧಿಯಲ್ಲ ಅನ್ನುವುದು ನೆನಪಿರಲಿ. ಕೈಗೆ ಕೋಲ್ಡ್ ಕ್ರೀಮ್ ಹೇಗೋ ತಲೆಗೆ ಇದು ಹಾಗೆ.

ನಮ್ಮ ಶಿರಸಿ ಕಡೆ ಈ ಕೆಲಸಕ್ಕೆ ಗೊಂಪು ಅನ್ನುವ ಸೊಪ್ಪಿನ ಲೋಳೆ ಇತ್ತು. ಎಣ್ಣೆ ಸ್ನಾನದ ದಿನ ಆಯಿ ಮತ್ತಿ ಸೊಪ್ಪನ್ನೋ ದಾಸವಾಳದ ಸೊಪ್ಪನ್ನೋ ನೀರಿನಲ್ಲಿ ಕಿವುಚಿ, ಲೋಳೆಯಾದ ಮೇಲೆ ಚರಟ ಹಿಂಡಿ ತೆಗೆದು, ಬಚ್ಚಲೊಲೆಯ ಪಕ್ಕ ಕೂರಿಸಿ ತಲೆಗೆ ಸುರಿಯುತ್ತಿದ್ದಳು. ಕಣ್ಣಿಗೆ ಹೋದರೂ ಉರಿಯುತ್ತಿರಲಿಲ್ಲ. ಬೆಂಗಳೂರಿನ ಪಿಜಿಯಲ್ಲಿ ಮತ್ತಿ ಸೊಪ್ಪು ಎಲ್ಲಿಂದ ತರೋಣ? ಅಲ್ಲಿದ್ದದ್ದು ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆ ಬಿಳಿ ಉಪ್ಪು ಕಟ್ಟುವಂಥದ್ದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ನೊರೆ ಬರುವ ಬದಲು ಬಿಳಿ ಕೆನೆಯಂಥ ಗಷ್ಟು ಕಟ್ಟುತ್ತದೆ, ಅದು ತಲೆಯ ಮೇಲೇ ಕೂರುತ್ತದೆ. ಮೈಸೋಪಿನಲ್ಲೇ ತಲೆ ತೊಳೆಯುವ ಗಂಡಸರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ತಲೆ ಕೆರೆಯುತ್ತಿದ್ದರೆ ಮೊದಲು ಅದನ್ನು ಬಿಡಿ. ತಲೆಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5.5, ಸೋಪಿನದು 9ರಿಂದ 10. ಅಷ್ಟು ಕ್ಷಾರ ದಿನಾ ತಾಗಿದರೆ ಚರ್ಮ ಒಣಗದೆ ಇನ್ನೇನು ಮಾಡುತ್ತದೆ.

ಬಾಟಲಿ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣಕ್ಷರ ಓದಿ. ಗ್ಲಿಸರಿನ್, ಪ್ಯಾಂಥೆನಾಲ್, ಅಲೋವೆರಾ ಅಂದರೆ ಲೋಳೆಸರ, ಶಿಯಾ ಬಟರ್, ಇವು ಇದ್ದರೆ ಒಳ್ಳೆಯದು. ಸೀಟೈಲ್ ಆಲ್ಕೋಹಾಲ್, ಸ್ಟಿಯರೈಲ್ ಆಲ್ಕೋಹಾಲ್ ಅಂತ ಕಂಡು ಗಾಬರಿಯಾಗಬೇಡಿ. ಹೆಸರು ಮಾತ್ರ ಆಲ್ಕೋಹಾಲ್, ಅವು ಮೇಣದಂಥ ಮೃದು ಪದಾರ್ಥಗಳು, ನಮಗೆ ಬೇಕಾದವೇ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಟ್ ಅನ್ನುವುದು, ಅದು ಪಟ್ಟಿಯ ಮೇಲಿನ ಸಾಲುಗಳಲ್ಲಿದ್ದರೆ ಬಿಡಿ. ಮೆಂಥಾಲ್ ಇರುವುದು ಹಚ್ಚಿದಾಗ ತಣ್ಣಗೆ ಹಾಯೆನಿಸುತ್ತದೆ, ಆದರೆ ಕೆರೆದು ಗೀರಾದ ತಲೆಗೆ ಉರಿ ಹತ್ತುತ್ತದೆ. ಘಮಘಮ ಅನ್ನುವುದೂ ಬೇಡ, ಸುಗಂಧಕ್ಕೆ ಹಾಕುವ ಪದಾರ್ಥಗಳಿಂದಲೇ ಎಷ್ಟೋ ಜನರಿಗೆ ಅಲರ್ಜಿ ಬರುತ್ತದೆ. ಕೆಡದಂತೆ ಹಾಕುವ ಮೀಥೈಲ್‌ಐಸೋಥಯಾಜೊಲಿನೋನ್ ಕೂಡ ಅಂಥದ್ದೇ, ಉಚ್ಚರಿಸುವುದು ಕಷ್ಟ, ಗುರುತಿಟ್ಟುಕೊಂಡರೆ ಸಾಕು. ಡೈಮೆಥಿಕೋನ್ ಅನ್ನುವ ಸಿಲಿಕೋನ್ ವಿಷವೇನಲ್ಲ, ಆದರೆ ತೆಳು ಕೂದಲಿನವರ ಬುಡಕ್ಕೆ ಭಾರವಾಗುತ್ತದೆ. ಬೆಲೆ ನೋಡಿ ಮರುಳಾಗಬೇಡಿ. ಮೊದಲು ಚಿಕ್ಕ ಸ್ಯಾಶೆ ತಂದು ಮೊಣಕೈ ಒಳಭಾಗಕ್ಕೆ ಒಂದು ಬೊಟ್ಟು ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು, ಎರಡು ದಿನ ನೋಡಿ. ಕೆಂಪಾಗಲಿಲ್ಲ, ನವೆಯಾಗಲಿಲ್ಲ ಅಂದರೆ ತಲೆಗೆ ಹಾಕಿ.

ಹಚ್ಚುವ ಕ್ರಮ ಹೀಗೆ. ನೀರು ಉಗುರುಬೆಚ್ಚಗಿರಲಿ. ಚಳಿಗೆ ಗೀಸರಿನ ಸುಡುನೀರು ಹಿತವಾಗಿಯೇ ಇರುತ್ತದೆ, ನನಗೂ ಗೊತ್ತು, ಆದರೆ ಇದ್ದಬದ್ದ ಜಿಡ್ಡನ್ನೆಲ್ಲ ತೊಳೆದುಕೊಂಡು ಹೋಗುವುದು ಅದೇ. ಮೈಗೆ ಬೇಕಾದರೆ ಬಿಸಿ ಹಾಕಿಕೊಳ್ಳಿ, ತಲೆಗೆ ತಣ್ಣೀರು ಬೆರೆಸಿ. ಸೌಮ್ಯವಾದ ಶ್ಯಾಂಪೂವನ್ನು ಅರ್ಧ ಮಗ್ ನೀರಿಗೆ ಕದಡಿ ಒಂದೇ ಸಲ ಹಾಕಿ. ಎರಡನೇ ಸಲ ನೊರೆ ಬರಿಸುವ ಚಟ ಬೇಡ. ತೊಳೆದ ಮೇಲೆ ಕೂದಲನ್ನು ಅಂಗೈಯಲ್ಲಿ ಒತ್ತಿ ನೀರು ಹಿಂಡಿ. ಈ ಹೆಜ್ಜೆ ಬಿಟ್ಟರೆ ಹಚ್ಚಿದ್ದೆಲ್ಲ ನೀರಿನ ಜೊತೆ ಬೆನ್ನ ಮೇಲೆ ಇಳಿದುಹೋಗುತ್ತದೆ.

ಈಗ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಕಂಡೀಷನರ್ ಅಂಗೈಗೆ ಹಾಕಿಕೊಳ್ಳಿ, ಉದ್ದ ಕೂದಲಾದರೆ ತುದಿಗೆ ಬೇರೆ ಅಷ್ಟೇ. ಬೆರಳಿನಿಂದ ಬೈತಲೆ ತೆಗೆದು ಆ ಗೆರೆಯುದ್ದಕ್ಕೂ ಬೆರಳ ತುದಿಯಿಂದ ತೆಳ್ಳಗೆ ಸವರಿ, ಒಂದು ಇಂಚು ಪಕ್ಕಕ್ಕೆ ಸರಿದು ಇನ್ನೊಂದು ಬೈತಲೆ, ಹೀಗೆ ಆರೇಳು ಗೆರೆಗಳಾದರೆ ಇಡೀ ತಲೆ ಮುಗಿಯುತ್ತದೆ. ಕೂದಲ ಮೇಲೆ ಸುಮ್ನೆ ಮೆತ್ತಿದರೆ ಚರ್ಮಕ್ಕೆ ತಲುಪುವುದೇ ಇಲ್ಲ. ಆಮೇಲೆ ಚರ್ಮ ಮೂಳೆಯ ಮೇಲೆ ಅಲ್ಲಾಡುವಂತೆ ಬೆರಳನ್ನು ಒತ್ತಿ ಮೆಲ್ಲಗೆ ಸುತ್ತಿಸಿ. ಉಗುರು ತಾಗಿಸಬೇಡಿ. ಆ ಹೊತ್ತಿಗೆ ಕೆರೆಯಬೇಕು ಅನ್ನುವ ಆಸೆ ವಿಪರೀತ ಬರುತ್ತದೆ, ಒಂದು ಸಲ ಕೆರೆದರೆ ಕಥೆ ಮುಗಿಯಿತು, ನಾಳೆಗೆ ಎರಡರಷ್ಟು ನವೆ. ಮೂರು ನಿಮಿಷ, ಹೆಚ್ಚೆಂದರೆ ಐದು. ಅಷ್ಟರಲ್ಲಿ ಮೈ ತೊಳೆದುಕೊಳ್ಳಿ.

ಇನ್ನೂ ಹೊತ್ತು ಬಿಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ನಾನೂ ಒಮ್ಮೆ ಲೆಕ್ಕ ಹಾಕಿದ್ದೆ. ರಾತ್ರಿ ದಪ್ಪಗೆ ಹಚ್ಚಿ, ಟವೆಲ್ ಸುತ್ತಿ ಮಲಗಿದೆ. ಬೆಳಿಗ್ಗೆ ದಿಂಬು ಅಂಟಂಟು, ಮೂರನೇ ದಿನಕ್ಕೆ ಹಣೆಯ ಅಂಚಿನುದ್ದಕ್ಕೂ ಗುಳ್ಳೆ, ತಲೆಯಲ್ಲಿ ಮೊದಲಿಗಿಂತ ಜಾಸ್ತಿ ಕೆರೆತ. ತೊಳೆದು ಬಿಡಬೇಕಾದ ವಸ್ತುವನ್ನು ತೊಳೆದೇ ಬಿಡಬೇಕು.

ನಿಜವಾದ ಕೆಲಸ ಇರುವುದೂ ಈ ತೊಳೆಯುವುದರಲ್ಲಿ. ಹಚ್ಚಲು ತೆಗೆದುಕೊಂಡ ಸಮಯಕ್ಕಿಂತ ಜಾಸ್ತಿ ತೊಳೆಯಲು ಕೊಡಿ. ಶವರ್ ಇದ್ದರೆ ತಲೆಯನ್ನು ಹಿಂದಕ್ಕೆ ವಾಲಿಸಿ ಬೈತಲೆಗಳ ನಡುವೆ ಬೆರಳಾಡಿಸಿ. ಬಕೆಟ್ ಸ್ನಾನವಾದರೆ ಐದಾರು ಮಗ್ ಬೇಕು, ಪ್ರತಿ ಮಗ್ಗಿಗೂ ತಲೆ ತಿರುಗಿಸಿ. ಕಿವಿಯ ಹಿಂದೆ, ಹಿಂಗತ್ತು, ನೆತ್ತಿ, ಈ ಮೂರು ಕಡೆಯೇ ಉಳಿದುಬಿಡುವುದು. ಬೆರಳಿಟ್ಟಾಗ ಚರ್ಮದ ಮೇಲೆ ಜಾರಿದರೆ ಇನ್ನೂ ಇದೆ ಅಂತ ಅರ್ಥ. ಆಯಿತು ಅನಿಸಿದ ಮೇಲೂ ಒಂದು ಮಗ್ ಸುರಿದುಬಿಡಿ. ಉಳಿದದ್ದು ಒಣಗಿ ಅದೇ ಬಿಳಿ ಪುಡಿಯಾಗಿ ಉದುರುತ್ತದೆ, ನೀವು ಪಾಪ ಕಡಿಮೆಯಾಗಲೇ ಇಲ್ಲ ಅಂದುಕೊಂಡು ಮತ್ತೆ ಹಚ್ಚುತ್ತೀರಿ.

ತೆಳು ಕೂದಲಿನವರು ಕ್ರಮವನ್ನು ತಿರುಗಿಸಿ ನೋಡಿ. ಮೊದಲು ಒದ್ದೆ ತಲೆಗೆ ಕಂಡೀಷನರ್, ಐದು ನಿಮಿಷ ಬಿಟ್ಟು ಸ್ವಲ್ಪವೇ ಶ್ಯಾಂಪೂ. ಕೂದಲು ಅಂಟುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಬಿಡಬೇಕಿಲ್ಲ, ಹೊಟ್ಟು ಇಲ್ಲದಿದ್ದರೆ ಮಾತ್ರ, ಸ್ನಾನಕ್ಕೆ ಅರ್ಧ ಗಂಟೆ ಮೊದಲು. ನಿಂಬೆರಸ, ಅಡುಗೆ ಸೋಡಾ ಇವೆರಡನ್ನೂ ಹತ್ತಿರ ಬಿಡಬೇಡಿ, ಒಂದು ಅತಿ ಹುಳಿ, ಇನ್ನೊಂದು ಕ್ಷಾರ.

ವಾರಕ್ಕೆ ಎರಡು ಸಲ ಸಾಕು. ದಿನಾ ತಲೆಸ್ನಾನ ಮಾಡುವವರು ಚಳಿಗಾಲ ಮುಗಿಯುವವರೆಗಾದರೂ ದಿನ ಬಿಟ್ಟು ದಿನ ಮಾಡಿ. ಒದ್ದೆ ಕೂದಲನ್ನು ಟವೆಲಿನಿಂದ ಗಸಗಸ ಉಜ್ಜದೆ ಒತ್ತಿ ಒರೆಸಿ, ಹಸಿ ಇರುವಾಗಲೇ ಗಂಟು ಹಾಕಬೇಡಿ, ಹೇರ್ ಡ್ರೈಯರ್ ಬಳಸಿದರೆ ದೂರ ಹಿಡಿಯಿರಿ. ನನಗೆ ಮೊದಲ ಸ್ನಾನಕ್ಕೇ ಬಿಗಿತ ಹೋಯಿತು, ಪುಡಿ ಉದುರುವುದು ನಿಲ್ಲಲು ಎರಡು ವಾರ ಹಿಡಿಯಿತು. ಮೂರು ವಾರವಾದರೂ ವ್ಯತ್ಯಾಸ ಕಾಣದಿದ್ದರೆ ಸುಮ್ನೆ ಮುಂದುವರಿಸಬೇಡಿ, ಬಾಟಲಿ ಬದಲಾಯಿಸುತ್ತಾ ಹೋಗುವುದೂ ಬೇಡ. ದಪ್ಪನೆ ಬೆಳ್ಳಿ ಬಣ್ಣದ ಸಿಪ್ಪೆ ಏಳುತ್ತಿದ್ದರೆ ಸೋರಿಯಾಸಿಸ್ ಇರಬಹುದು. ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಉದುರಿದ ಜಾಗ ಇದ್ದರೆ ಅದು ಹುಳುಕಡ್ಡಿ ಆಗಿರಬಹುದು, ಅದಕ್ಕೆ ಮೇಲೆ ಹಚ್ಚಿದರೆ ಹೋಗುವುದಿಲ್ಲ, ಡಾಕ್ಟರು ಕೊಡುವ ಮಾತ್ರೆಯೋ ಸಿರಪ್ಪೋ ನುಂಗಬೇಕು. ಕೀವು, ರಕ್ತ ಕಂಡರೆ ಅವತ್ತೇ ಹೋಗಿ. ಇನ್ನು ಕೂದಲಿಗೆ ಬಣ್ಣ ಹಾಕಿಸಿದ ಒಂದೆರಡು ದಿನದಲ್ಲಿ ಕೆರೆತ ಶುರುವಾಗಿದ್ದರೆ ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕದ ಮೇಲೆ ಸಂಶಯಪಡಿ, ಕಪ್ಪು ಮೆಹಂದಿ ಅಂತ ಮಾರುವುದರಲ್ಲೂ ಅದು ಇರುತ್ತದೆ.

ಇನ್ನೊಂದು ಹೇಳಲು ಮರೆತಿದ್ದೆ. ಸ್ನಾನ ಮುಗಿದ ಮೇಲೆ ಬಾತ್‌ರೂಮಿನ ನೆಲಕ್ಕೆ ಎರಡು ಮಗ್ ಬಿಸಿನೀರು ಸುರಿದು ಒಂದು ಸಲ ಬ್ರಷ್ ಆಡಿಸಿ. ಗೊಂಪಿನ ದಿನ ಬಚ್ಚಲ ಕಲ್ಲಿನ ಮೇಲೆ ಅಪ್ಪ ಜಾರಿ ಬಿದ್ದದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಕಂಡೀಷನರ್ ಬಿದ್ದ ಟೈಲ್ಸ್ ಅದಕ್ಕಿಂತ ಏನೂ ಕಡಿಮೆಯಿಲ್ಲ, ನಿಮ್ಮ ನಂತರ ಸ್ನಾನಕ್ಕೆ ಹೋಗುವವರಿಗೆ ಇದು ಗೊತ್ತಿರುವುದಿಲ್ಲ.