ಕೋಲಾರದ ಬಾಡಿಗೆದಾರರಿಗೆ: ಮನೆ ಖಾಲಿ ಮಾಡಲು ಒತ್ತಡ ಬಂದಾಗ ಏನು ಮಾಡಬೇಕು?

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುತ್ತ ಕೋಲಾರದ ಸುತ್ತಮುತ್ತ ಬಾಡಿಗೆಗಿರುವ ಅನೇಕ ಕುಟುಂಬಗಳ ಬಳಿ ಕರಾರು ಪತ್ರವೇ ಇರುವುದಿಲ್ಲ. ಆದರೂ ಮಾಲೀಕರು ‘ಈ ವಾರವೇ ಖಾಲಿ ಮಾಡಿ’ ಎಂದು ಬಾಯಿಮಾತಿನಲ್ಲಿ ಹೇಳಿದ ಮಾತ್ರಕ್ಕೆ ಸಾಮಾನು ಕಟ್ಟಬೇಕಾಗಿಲ್ಲ. ಒಪ್ಪದ ಬಾಡಿಗೆದಾರರನ್ನು ಹೊರಹಾಕಲು ನ್ಯಾಯಾಲಯದ ಆದೇಶ ಬೇಕೇ ಬೇಕು.

ನಿಮ್ಮ ಮನೆ ಯಾವ ಕಾನೂನಿನಡಿ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಹೆಚ್ಚಿನ ರಕ್ಷಣೆ ನೀಡುತ್ತದೆಯಾದರೂ, ದೊಡ್ಡ ನಗರಗಳ ಹೊರಗೆ ತಿಂಗಳಿಗೆ 2,000 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದಿನ ಬಾಡಿಗೆಯ ಮುಂದೆ ಈ ಮಿತಿ ತೀರ ಕಡಿಮೆಯಾಗಿದ್ದು, ಸರ್ಕಾರ ಇದನ್ನು ಏರಿಸಲೇಬೇಕು. ಉಳಿದ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಮಾಲೀಕರು ಸಹಿ ಮಾಡಿದ ಲಿಖಿತ ನೋಟಿಸನ್ನು 15 ದಿನ ಮುಂಚಿತವಾಗಿ ಕೊಡಬೇಕು. ಆ ಅವಧಿ ಮುಗಿದ ಮೇಲೂ ಅವರು ದಾವೆ ಹೂಡಬೇಕೇ ಹೊರತು ಮನೆಗೆ ಬೀಗ ಜಡಿಯುವಂತಿಲ್ಲ.

ಬಾಡಿಗೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಏಕೆಂದರೆ ಬಾಕಿ ಉಳಿದಷ್ಟೂ ನಿಮ್ಮ ವಾದದ ಬಲ ಕುಗ್ಗುತ್ತದೆ. ಮಾಲೀಕರ ಬ್ಯಾಂಕ್ ಖಾತೆಗೆ ಹಣ ಹಾಕಿ. ನಗದು ಕೊಟ್ಟರೆ ರಸೀದಿ ಪಡೆಯಿರಿ. ಅವರು ಹಣ ತೆಗೆದುಕೊಳ್ಳಲು ನಿರಾಕರಿಸಿದರೆ, ಕೊಡಲು ಸಿದ್ಧವಿರುವುದಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಭೋಗ್ಯಕ್ಕೆ ಅಥವಾ ಮುಂಗಡವಾಗಿ ಕೊಟ್ಟ ಹಣಕ್ಕೂ ಬರಹದ ದಾಖಲೆ ಇರಲಿ.

ನೋಟಿಸ್ ಕೈಸೇರಿದ ಕೂಡಲೇ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಬಂಗಾರಪೇಟೆ, ಮಾಲೂರು, ಮುಳಬಾಗಿಲಿನಂಥ ಕಡೆ ಇರುವವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಕೈಗಾರಿಕಾ ಕಾರ್ಮಿಕರಿಗೂ ಈ ಹಕ್ಕಿದೆ ಎಂಬುದನ್ನು ಕಾರ್ಖಾನೆಗೆ ಹೋಗುವವರು ಮರೆಯಬಾರದು. ಮುಂಗಡದ ಹಣದ ತಕರಾರಾದರೆ, ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಲು ಅಲ್ಲಿಯೇ ಕೇಳಿ.

ಬಲವಂತದಿಂದ ಹೊರಹಾಕಿದ್ದರೆ 112ಕ್ಕೆ ತಿಳಿಸಿ, ಬೀಗ ಹಾಕಿದ ಬಾಗಿಲಿನ ಚಿತ್ರ ತೆಗೆದಿಟ್ಟುಕೊಳ್ಳಿ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣದಡಿ ಸ್ವಾಧೀನವನ್ನು ಮರಳಿ ಕೇಳಲು 6 ತಿಂಗಳ ಗಡುವು ಇರುವುದರಿಂದ ತಡಮಾಡಬೇಡಿ.

ಖರ್ಚು ತಗ್ಗಿಸಲು ಗೃಹಜ್ಯೋತಿ ಯೋಜನೆಯಿದೆ. ಬಾಡಿಗೆದಾರರೂ ಅದಕ್ಕೆ ಅರ್ಹರು. ಮನೆ ಬದಲಿಸುವಾಗ ಹಳೆಯ ಮೀಟರಿನಿಂದ ನಿಮ್ಮ ಆಧಾರ್ ಜೋಡಣೆಯನ್ನು ಸೇವಾ ಸಿಂಧುವಿನಲ್ಲಿ ತೆಗೆಸಿ, ಹೊಸ ಮನೆಯ ಮೀಟರಿಗೆ ನೋಂದಾಯಿಸಿಕೊಳ್ಳಿ.