ಟ್ರೈಲರ್ ಮೂತಿಗೆ ಬ್ಯಾಟರಿ ಪೆಟ್ಟಿಗೆ: ಎರಡನೇ ಸಲಕ್ಕೆ ಕೂತಿತು

ಟ್ರೈಲರ್ ಮೂತಿ, ಅಂದರೆ ಜೀಪಿಗೆ ಸಿಕ್ಕಿಸುವ ಮುಂದಿನ ತುದಿ. ಅದರ ಮೇಲೆ ಬ್ಯಾಟರಿ ಪೆಟ್ಟಿಗೆ ಕೂರಿಸಿದರೆ ಮುರಿಯುತ್ತೆ ಅಂದವರು ನಮ್ಮ ಭಾವ. ಲಿಥಿಯಂ ಹಾಕಿದರೆ ಬೆಂಕಿ ಬೀಳುತ್ತೆ ಅಂದವನು ಎಲೆಕ್ಟ್ರೀಷಿಯನ್. ಎರಡು ಮಳೆಗಾಲ ಕಳೆಯಿತು. ಮೂತಿ ಮುರಿದಿಲ್ಲ, ಬೆಂಕಿಯೂ ಬಿದ್ದಿಲ್ಲ. ಇನ್ನು ಬರೆಯಬಹುದು ಅನ್ನಿಸಿತು.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಟ್ರೈಲರ್ ಸಣ್ಣದು, ಒಂಟಿ ಆಕ್ಸಲ್, ಬೊಲೆರೊ ಜೀಪಿನ ಹಿಂದೆ ಎಳೆಯುವಂಥದ್ದು. ಇಬ್ಬರು ಮಲಗಬಹುದು. ಹಿಂದಿನ ಬಾಗಿಲು ಎತ್ತಿದರೆ ಅಡಿಗೆ ಕಟ್ಟೆ. ಫ್ರಿಜ್ ಓಡಿಸಲು ಬ್ಯಾಟರಿ ಬೇಕು. ಕೊಯ್ಲು ಮುಗಿದ ಮೇಲೆ ತಿರುಗಾಟ, ಉಳಿದ ದಿನ ಕೊಟ್ಟಿಗೆ ಪಕ್ಕ ನಿಂತಿರುತ್ತೆ.

ಮೊದಲನೇ ಸಲ ಎಲ್ಲರೂ ಹೇಳಿದ ಹಾಗೇ ಮಾಡಿದೆ. ಮನೆ ಇನ್ವರ್ಟರಿಗೆ ಹಾಕುವ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ಆಸಿಡ್ ಬ್ಯಾಟರಿ, 15 ಸಾವಿರದ ಆಸುಪಾಸು. ಜಿಐ ಶೀಟಿನ ಪೆಟ್ಟಿಗೆ ನಾಲ್ಕೂವರೆ ಸಾವಿರ. ಹಿಂದೆ ಜಾಗ ಇತ್ತು ಅಂತ ಬಂಪರ್ ಮೇಲೆ ಬೋಲ್ಟ್ ಮಾಡಿದೆ. ಬ್ಯಾಟರಿ ಒಂದೇ 58 ಕೆಜಿ, ಪೆಟ್ಟಿಗೆ, ಸ್ಪ್ಯಾನರು ಎಲ್ಲ ಸೇರಿ 80 ಆಗಿರಬೇಕು. ಮಂಡಗದ್ದೆ ದಾಟಿ ಒಂದು ಇಳಿಜಾರು, 60ರ ಸ್ಪೀಡು. ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡಿತು. ಬ್ರೇಕ್ ಒತ್ತಿದ್ದು ಇನ್ನೂ ದೊಡ್ಡ ತಪ್ಪು, ಜೀಪಿನ ಹಿಂಭಾಗವನ್ನೇ ಎಳೆದಾಡಿತು. ಪೆಡಲ್‌ನಿಂದ ಕಾಲು ತೆಗೆದೆ, ತಾನಾಗಿ ತಣ್ಣಗಾಯಿತು. ಮನೆಯವಳು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಮನೆಗೆ ಬಂದು ಟ್ರೈಲರ್ ಮೂತಿಯನ್ನು ಅಡಿಕೆ ತೂಗುವ ಸ್ಕೇಲಿನ ಮೇಲೆ ಇಟ್ಟೆ. 18 ಕೆಜಿ! ಇಡೀ ಟ್ರೈಲರ್ 580 ಇರಬಹುದು. ಅದರಲ್ಲಿ ನೂರಕ್ಕೆ ಹತ್ತು ಪಾಲಾದರೂ ಮೂತಿ ಮೇಲೆ ಬರಬೇಕು, ಇಲ್ಲದಿದ್ದರೆ ಹೀಗೆ ಬಾಲ ಅಲ್ಲಾಡಿಸುತ್ತೆ. ನನಗೂ ಗೊತ್ತಿತ್ತು, ತೂಗಿರಲಿಲ್ಲ ಅಷ್ಟೇ.

ಇಷ್ಟಾದರೂ ತಕ್ಷಣ ಬದಲಾಯಿಸಲಿಲ್ಲ. ದುಡ್ಡು ಹಾಕಿಬಿಟ್ಟಿದ್ದೆನಲ್ಲ. ಹಿಂದೆ ಅಕ್ಕಿ ಮೂಟೆ ಇಳಿಸಿ, ಮುಂದೆ ನೀರಿನ ಕ್ಯಾನ್ ಇಟ್ಟು, 40 ದಾಟದೆ ಮಲ್ಪೆಗೆ ಹೋದೆವು. ಎರಡು ರಾತ್ರಿ ಅಲ್ಲಿ. ಬರುವಾಗ ಫ್ರಿಜ್ ತುಂಬ ಅಂಜಲ್, ಬಂಗುಡೆ. ಸೋಮೇಶ್ವರದಲ್ಲಿ ಚಹಾ ಕುಡಿದು ಆಗುಂಬೆ ಘಾಟಿಯ 14 ತಿರುವು ಹತ್ತಿ ಮನೆಗೆ ಬಂದರೆ ಫ್ರಿಜ್ ಆಫ್. ಯಾವಾಗ ಆಫ್ ಆಯಿತೋ ದೇವರೇ ಬಲ್ಲ. ಮುಚ್ಚಳ ತೆಗೆದೆ, ಬೆಕ್ಕು ಓಡಿ ಬಂತು. ಎರಡು ಸಾವಿರದ ಮೀನು ಅಡಿಕೆ ಬುಡಕ್ಕೆ ಹೋಯಿತು. ಆ ಮರ ಚೆನ್ನಾಗಿದೆ.

ಕಾರಣ ವೈರು. ಜೀಪು ಓಡುವಾಗ ಬ್ಯಾಟರಿ ತುಂಬಲಿ ಅಂತ 4 ಸ್ಕ್ವೇರ್ ಎಂಎಂನ ತೆಳು ವೈರನ್ನು ಜೀಪಿನ ಬಾನೆಟ್‌ನಿಂದ ಟ್ರೈಲರ್ ಬಾಲದವರೆಗೆ ಎಳೆದಿದ್ದೆ, ಒಂದು ಕಡೆಗೇ 8 ಮೀಟರ್. ಇಂಜಿನ್ ಓಡುವಾಗ ಜೀಪಿನ ಬ್ಯಾಟರಿಯಲ್ಲಿ 14.1 ವೋಲ್ಟ್, ಟ್ರೈಲರ್ ಬ್ಯಾಟರಿಯಲ್ಲಿ 13 ಇಲ್ಲ. ಇಷ್ಟರಲ್ಲಿ ಖಾಲಿ ಬ್ಯಾಟರಿ ತುಂಬಲು ಕಾಶಿಯವರೆಗೆ ಓಡಿಸಬೇಕು. ಅದೇ ಪೆಟ್ಟಿಗೆಯಲ್ಲಿ ಇಟ್ಟ ಸ್ಪ್ಯಾನರ್‌ಗಳು ಆಸಿಡ್ ಹೊಗೆಗೆ ತುಕ್ಕು ಹಿಡಿದಿದ್ದು ಬೇರೆ.

ಟ್ಯೂಬುಲರ್ ಈಗ ಮನೆ ಇನ್ವರ್ಟರಿಗೆ ಕೂತಿದೆ, ಅದು ನಷ್ಟ ಅಲ್ಲ. ಪೆಟ್ಟಿಗೆ, ವೈರು, ಮೀನು ಸೇರಿ ಎಂಟೊಂಬತ್ತು ಸಾವಿರ ಹೋಯಿತು.

ಎರಡನೇ ಸಲ 100 ಎಎಚ್ ಲಿಥಿಯಂ, ಐರನ್ ಫಾಸ್ಫೇಟ್ ಜಾತಿಯದು, 27 ಸಾವಿರ. ತೂಕ 12 ಕೆಜಿ. ಎಲೆಕ್ಟ್ರೀಷಿಯನ್‌ಗೆ ಇದು ಮೊಬೈಲಿನ ಲಿಥಿಯಂ ಜಾತಿ ಅಲ್ಲ ಅಂತ ಎಷ್ಟು ಹೇಳಿದರೂ ಮೊಬೈಲ್ ಸಿಡಿದ ಕಥೆಯನ್ನೇ ಹೇಳಿದ. ಮೊದಲು ನೇರ ಜೀಪಿಗೆ ಜೋಡಿಸಿ ನೋಡಿದೆ. 40 ಆಂಪಿಯರ್ ಮೇಲೆ ಎಳೆಯಿತು, ಇಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್‌ನ ಬೆಲ್ಟ್ ಕಿರುಚಿತು. ಐದು ನಿಮಿಷಕ್ಕೇ ಕಿತ್ತೆ. ಆಮೇಲೆ ಜೀಪಿನಿಂದ ಎಳೆಯುವ ಕರೆಂಟಿಗೆ ಮಿತಿ ಹಾಕುವ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ತರಿಸಿದೆ, ಒಂಬತ್ತೂವರೆ ಸಾವಿರ. ಕೇಬಲ್ 16 ಸ್ಕ್ವೇರ್ ಎಂಎಂ, ಲಗ್ಗು, ಪ್ಲಗ್ಗು ಸೇರಿ 5 ಸಾವಿರ. ಫ್ಯೂಸ್ ಎರಡೂ ತುದಿಗೆ, ಬ್ಯಾಟರಿಯಿಂದ ಒಂದು ಗೇಣಿನ ಒಳಗೆ. ಇದರಲ್ಲಿ ಜಿಪುಣತನ ಬೇಡ.

ಪೆಟ್ಟಿಗೆ ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟ್, ಕೂಲಿ ಸೇರಿ 11 ಸಾವಿರ, ಮೂತಿಯ ತ್ರಿಕೋನದ ಮೇಲೆ. ಒಳಗೆ ಅಡ್ಡ ಗೋಡೆ: ಬಲಕ್ಕೆ ಬ್ಯಾಟರಿ, ಎಡಕ್ಕೆ ಹಗ್ಗ, ಜಾಕಿ, ಟಾರ್ಪಾಲು. ಪೆಟ್ಟಿಗೆಯ ಕೆಳಗೆ 50 ಎಂಎಂ ಆಂಗಲ್ ಎರಡು, ಫ್ರೇಮಿಗೆ ಬೋಲ್ಟ್. ಮತ್ತೆ ಸ್ಕೇಲಿನ ಮೇಲೆ ಇಟ್ಟೆ: 85. ಈಗ ಜಾಸ್ತಿ! ಮುಂದಿದ್ದ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿದೆ, 70ಕ್ಕೆ ಇಳಿಯಿತು. ಒಟ್ಟು ತೂಕವೂ 540ಕ್ಕೆ ಬಂದಿದೆ. ಅದೇ ಇಳಿಜಾರಿನಲ್ಲಿ ಈಗ ಹಳಿ ಮೇಲೆ ಹೋದ ಹಾಗೆ ಬರುತ್ತೆ. ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಿ ತೋರಿಸಿದೆ.

ಮೊದಲ ಮಳೆಗೆ ಒಳಗೆ ಅರ್ಧ ಲೋಟ ನೀರು. ರಬ್ಬರ್ ಬೀಡಿಂಗ್ ಮೇಲೆ ಅನುಮಾನ. ಮೂರು ಸಲ ಬದಲಾಯಿಸಿದೆ, ನೀರು ಬಂದೇ ಬಂತು. ಕೊನೆಗೆ ಒಳಗೆ ಅಂಚಿನುದ್ದಕ್ಕೂ ಒಣ ರಂಗೋಲಿ ಪುಡಿ ಉದುರಿಸಿ, ಜೋರು ಮಳೆಯಲ್ಲಿ ಕೊಪ್ಪದವರೆಗೆ ಹೋಗಿ ಬಂದೆ. ಮುಚ್ಚಳದ ಕಡೆ ಪುಡಿ ಪೂರ್ತಿ ಒಣ. ವೈರ್ ಬರುವ ತೂತಿನ ಕೆಳಗೆ ಒಂದು ಒದ್ದೆ ಗೆರೆ. ನೀರು ವೈರನ್ನೇ ಹಿಡಿದು ಒಳಗೆ ಬರುತ್ತಿತ್ತು. ತೂತನ್ನು ಕೆಳಗೆ ಹಾಕಿ, ವೈರನ್ನು ತೂತಿಗಿಂತ ಕೆಳಗೆ ಜೋತುಬೀಳಿಸಿ ಮೇಲಕ್ಕೆ ತಂದೆ. ನಿಂತಿತು. ಆದರೂ ಬೆಳಗ್ಗೆ ಮುಚ್ಚಳದ ಒಳಗೆ ಬೆವರು ಕಟ್ಟುತ್ತಿತ್ತು. ಅದಕ್ಕೆ ಮಾಡಿದ್ದನ್ನು ಮಾತ್ರ ಇಲ್ಲಿ ಹೇಳಲ್ಲ. ಖರ್ಚು ಹತ್ತು ರೂಪಾಯಿ. ಮನೆಗೆ ಬಂದರೆ ತೋರಿಸುತ್ತೇನೆ.

ಸೋಲಾರ್ ಕೇಳ್ತೀರಿ ಅಲ್ವಾ? 100 ವ್ಯಾಟಿನ ಪ್ಯಾನಲ್ ಇಟ್ಟು ನೋಡಿದೆ. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಬೀಳುವ ಆಗುಂಬೆಯಲ್ಲಿ, ಜುಲೈ ತಿಂಗಳಲ್ಲಿ, ಮರದ ಕೆಳಗೆ. ಮಧ್ಯಾಹ್ನಕ್ಕೂ ಒಂದು ಆಂಪಿಯರ್ ದಾಟಲಿಲ್ಲ. ಈಗ ಅದು ಕೋಳಿ ಗೂಡಿನ ಬಲ್ಬಿಗೆ ಕರೆಂಟು ಕೊಡುತ್ತಿದೆ. ಬೇಸಿಗೆಯಲ್ಲಿ ಬಯಲುಸೀಮೆಗೆ ಹೋಗುವವರಿಗೆ ಆದೀತು.

ನನಗೆ ಜೀಪೇ ಸಾಕು. ಫ್ರಿಜ್ಜಿಗೆ ದಿನಕ್ಕೆ 25–30 ಎಎಚ್ ಬೇಕು. ಶಿವಮೊಗ್ಗಕ್ಕೆ ಒಂದೂವರೆ ಗಂಟೆ ದಾರಿ, ಅಷ್ಟರಲ್ಲಿ 30ರ ಹತ್ತಿರ ತುಂಬುತ್ತೆ. ಹೋಗಿ ಬಂದರೆ ಎರಡು ದಿನದ ಊಟ. ಈ ಸಲದ ಖರ್ಚು ಒಟ್ಟು 52–53 ಸಾವಿರ, ನನ್ನ ಕೂಲಿ ಬಿಟ್ಟು. ಮಲ್ಪೆಯಿಂದ ಮತ್ತೆ ಎರಡು ಸಲ ಅಂಜಲ್ ತಂದೆ. ಗಟ್ಟಿ ಕಲ್ಲಿನ ಹಾಗೆ ಬಂತು.

ಒಂದು ಹೊಸ ಗಾಯ ಮಾತ್ರ ಇದೆ. ಔಷಧಿ ಹೊಡೆಯುವ ಸಮಯದಲ್ಲಿ ಜಾಗ ಇದೆ ಅಂತ ಮೈಲುತುತ್ತದ ಚೀಲ ಎಡ ಖಾನೆಯಲ್ಲಿ ಸುಮ್ನೆ ಇಟ್ಟಿದ್ದೆ. ಚೀಲದ ಮೂಲೆ ಹರಿದಿತ್ತು, ತೇವ ಬೇರೆ. ತಾಮ್ರದ ಉಪ್ಪು ಅಲ್ಯೂಮಿನಿಯಂ ತಿನ್ನುತ್ತೆ ಅಂತ ಹೊಳೆಯಲೇ ಇಲ್ಲ. ವಾರಕ್ಕೆ ತಳದಲ್ಲಿ ಕಂದು ಕಲೆ, ಉಜ್ಜಿದರೆ ಸಾಸಿವೆ ಗಾತ್ರದ ಗುಳಿಗಳು. ಒಂದು ಗುಳಿ ತೂತೇ ಆಗಿದೆ. ಎಪಾಕ್ಸಿ ತುಂಬಿ, ಹಳೆ ಟಯರ್ ಟ್ಯೂಬು ಕತ್ತರಿಸಿ ಹಾಸಿದ್ದೇನೆ. ಎಷ್ಟು ದಿನ ತಡೆಯುತ್ತೋ ಮುಂದಿನ ಜೂನ್‌ನಲ್ಲಿ ರಂಗೋಲಿ ಹಾಕಿ ನೋಡಬೇಕು.