ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು

ನಮ್ಮ ಮನೆಯ ನೆಲಕ್ಕೆ ಹಾಸಿದ್ದು ಶಹಾಬಾದಿ ಫರ್ಸಿ. ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ನಿಂಬೆರಸ ಚೆಲ್ಲಿದರೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಒರೆಸಲು ಓಡಿ ಬರುತ್ತಿದ್ದಳು. ತಡವಾದರೆ ಕಲ್ಲಿನ ಹೊಳಪು ಹೋಗಿ ಒಂದು ಮಂಕು ಕಲೆ ಉಳಿಯುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಫರ್ಸಿ ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಸಿಂಪಿಯ ಚಿಪ್ಪೂ ಹವಳವೂ ಅದೇ ವಸ್ತು. ಸಮುದ್ರದ ಆಮ್ಲೀಕರಣ ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ಆ ಕಲೆ.

ಈಗ ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು ಕಾರವಾರದಿಂದ ಮಂಗಳೂರಿನ ತನಕ ಹಡಗಿನಲ್ಲಿ ತಿರುಗಿ ಸಮುದ್ರದ ನೀರು ಹಿಡಿದವನು ನಾನು. ಊರಿಗೆ ಬಂದಾಗಲೆಲ್ಲ ಫರ್ಸಿ ಗಣಿಯಲ್ಲಿ ದುಡಿದ ನಮ್ಮ ಕಾಕಾ ಕೇಳುತ್ತಿದ್ದ ಪ್ರಶ್ನೆ ಒಂದೇ: "ತಮ್ಮಾ, ಸಮುದ್ರ ಹುಳಿಯಾಗಿದೆಯೇನು?"

ಹುಳಿಯಾಗಿಲ್ಲ. ಹುಳಿ, ಕ್ಷಾರಗಳ ಅಳತೆಗೆ ಪಿಎಚ್ ಎನ್ನುತ್ತಾರೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಸಮುದ್ರದ ಮೇಲ್ಪದರದ ಸರಾಸರಿ ಪಿಎಚ್ ಕೈಗಾರಿಕೆಗಳು ಹುಟ್ಟುವ ಮೊದಲು ಸುಮಾರು 8.2 ಇತ್ತು, ಈಗ ಸುಮಾರು 8.1. ಇಂದಿಗೂ ಅದು ಕ್ಷಾರವೇ. ಆದರೆ ಪಿಎಚ್ ಲಾಗರಿತಮ್ ಲೆಕ್ಕದ ಅಂಕಿ; 0.1 ಇಳಿದರೆ ಹೈಡ್ರೋಜನ್ ಅಯಾನುಗಳು ಕಾಲು ಭಾಗಕ್ಕೂ ಹೆಚ್ಚು ಏರಿದವು ಎಂದರ್ಥ. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ. ಅದು ನೀರಿನಲ್ಲಿ ಬೆರೆತಾಗ ಕಾರ್ಬೋನೇಟ್ ಅಯಾನುಗಳು ಕಡಿಮೆಯಾಗುತ್ತವೆ, ಚಿಪ್ಪು ಕಟ್ಟುವ ಜೀವಿಗಳಿಗೆ ಅಷ್ಟರ ಮಟ್ಟಿಗೆ ಕಷ್ಟ ಹೆಚ್ಚುತ್ತದೆ. ದೀರ್ಘಕಾಲದ ಈ ಬದಲಾವಣೆಯನ್ನು ಹಿಡಿಯಲು ಪಿಎಚ್ ಅಳತೆಯ ಅನಿಶ್ಚಿತತೆ 0.003ರಷ್ಟು ಸಣ್ಣದಿರಬೇಕು ಎಂಬುದು ಅಂತರರಾಷ್ಟ್ರೀಯ ಗುರಿ. ಗಾಳಿ ತಗುಲಿದರೆ ನೀರಿನ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆಯಾಗುತ್ತದೆ; ಇಷ್ಟು ಸೂಕ್ಷ್ಮದ ಅಳತೆ ಕೆಡಲು ಒಂದು ಗಾಳಿಗುಳ್ಳೆ ಸಾಕು.

ಹಡಗಿನಲ್ಲಿ ದುಂಡನೆಯ ಚೌಕಟ್ಟೊಂದರ ಸುತ್ತ ನಿಸ್ಕಿನ್ ಬಾಟಲಿಗಳನ್ನು ನಿಲ್ಲಿಸಿರುತ್ತಾರೆ. ನಡುವೆ ಉಷ್ಣತೆ, ಲವಣಾಂಶ, ಆಳ ಅಳೆಯುವ ಸಿಟಿಡಿ ಎಂಬ ಉಪಕರಣ. ಎರಡೂ ತುದಿ ತೆರೆದ ಬಾಟಲಿಗಳು ವಿಂಚಿನ ತಂತಿಯಲ್ಲಿ ತಳದವರೆಗೆ ಇಳಿಯುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಗುಂಡಿ ಒತ್ತಿದರೆ ಒಂದೊಂದೇ ಮುಚ್ಚಿಕೊಳ್ಳುತ್ತದೆ. ಚೌಕಟ್ಟು ಡೆಕ್ಕಿಗೆ ಬಂದೊಡನೆ ಆಮ್ಲಜನಕದ ಮಾದರಿಯವರು ಮೊದಲು, ಅವರ ಬೆನ್ನಿಗೇ ಪಿಎಚ್ ಅಳೆಯುವ ನಾವು. ಪೋಷಕಾಂಶ, ಲವಣಾಂಶದವರು ಕೊನೆಗೆ.

ನಲ್ಲಿಗೆ ಸಿಲಿಕೋನ್ ಕೊಳವೆ ಸಿಕ್ಕಿಸಿ, ಒಳಗೆ ಅಂಟಿಕೊಂಡ ಗುಳ್ಳೆಗಳನ್ನು ಬೆರಳಿನಿಂದ ಚಿವುಟಿ ಚಿವುಟಿ ಓಡಿಸಬೇಕು. ಕೊಳವೆಯ ತುದಿ ಗಾಜಿನ ಬಾಟಲಿಯ ತಳಕ್ಕೆ ಮುಟ್ಟಬೇಕು. ನೀರು ಸದ್ದಿಲ್ಲದೆ ಏರಬೇಕು. ಗುಳುಗುಳು ಎಂದರೆ ಗಾಳಿ ಸೇರಿತು, ಚೆಲ್ಲಿ ಮತ್ತೆ ಹಿಡಿಯಬೇಕು. ತುಂಬಿದ ಮೇಲೂ ಬಾಟಲಿಯಷ್ಟೇ ನೀರು ಉಕ್ಕಿ ಹರಿದು ಹೋಗಲಿ. ಆಮೇಲೆ ಬಿಸಿಗೆ ನೀರು ಹಿಗ್ಗಲು ಶೇಕಡಾ 1ರಷ್ಟು ಜಾಗ ಮಾಡಿ, ಜೀವಾಣುಗಳ ಉಸಿರಾಟ ನಿಲ್ಲಿಸಲು ಮರ್ಕ್ಯುರಿಕ್ ಕ್ಲೋರೈಡಿನ ಸಂತೃಪ್ತ ದ್ರಾವಣ ಹಾಕುತ್ತೇವೆ. 250 ಮಿಲಿಲೀಟರಿಗೆ 50 ಮೈಕ್ರೋಲೀಟರ್ ಸಾಕು. ಕಡು ವಿಷ ಅದು. ಕೈಗವಸು ಇಲ್ಲದೆ ಮುಟ್ಟುವಂತಿಲ್ಲ, ಅದು ಬೆರೆತ ಒಂದು ಹನಿಯನ್ನೂ ಸಮುದ್ರಕ್ಕೆ ಚೆಲ್ಲುವಂತಿಲ್ಲ. ಗ್ರೀಸ್ ಸವರಿದ ಗಾಜಿನ ಬಿರಡೆ ಒತ್ತಿ ತಿರುಗಿಸಿ, ರಬ್ಬರ್ ಪಟ್ಟಿ ಬಿಗಿದು, ಕತ್ತಲೆಯ ಪೆಟ್ಟಿಗೆಯಲ್ಲಿ ಇಟ್ಟರೆ ಒಂದು ಮಾದರಿ ಮುಗಿಯಿತು.

ಮೊದಲ ಪ್ರಯಾಣದಲ್ಲಿ ಇದನ್ನೇ ಕೆಡಿಸಿದೆ. ನಡುರಾತ್ರಿ, ಮಳೆ, ಹಡಗು ಓಲಾಡುತ್ತಿತ್ತು. ನಾನು ಬಾಟಲಿ ಹುಡುಕುತ್ತ ತಡಮಾಡಿದೆ. ಅಷ್ಟರಲ್ಲಿ ಬೇರೆಯವರು ಅದೇ ನಿಸ್ಕಿನ್‌ನಿಂದ ಅರ್ಧದಷ್ಟು ನೀರು ಹಿಡಿದಿದ್ದರು. ಖಾಲಿಯಾದ ಜಾಗದಲ್ಲಿ ಗಾಳಿ ತುಂಬಿತ್ತು. ಉಳಿದ ನೀರನ್ನೇ ಎರಡು ಬಾಟಲಿಗೆ ತುಂಬಿ ಸುಮ್ಮನಾದೆ. ಪ್ರಯೋಗಾಲಯದಲ್ಲಿ ಆ ಜೋಡಿಯ ಅಂಕಿಗಳು ಒಂದಕ್ಕೊಂದು ಕೂಡಲಿಲ್ಲ. ತಂಡದ ಹಿರಿಯರು ನನ್ನ ಲಾಗ್ ಪುಸ್ತಕವನ್ನು ಮೆಲ್ಲನೆ ಮುಂದಿಟ್ಟು, "ಈ ಸಾಲು ಹೊಡೆದು ಹಾಕಿ ಮಾರಾಯರೇ" ಎಂದರು. ಹಡಗು ಅಷ್ಟು ದೂರ ಹೋಗಿ ಹೊತ್ತು ತಂದ ನೀರು ಅದು. ಗೆರೆ ಎಳೆಯುವಾಗ ಕಣ್ಣು ತುಂಬಿ ಬಂದಿತ್ತು.

ಅಳತೆಯ ಭಾಗ ಇದಕ್ಕಿಂತ ಸಲೀಸು. ಮೆಟಾ ಕ್ರೆಸಾಲ್ ಪರ್ಪಲ್ ಎಂಬ ಬಣ್ಣ ಬೆರೆಸಿ, 25 ಡಿಗ್ರಿಯಲ್ಲಿಟ್ಟು, 434 ಮತ್ತು 578 ನ್ಯಾನೋಮೀಟರಿನಲ್ಲಿ ಬೆಳಕು ಎಷ್ಟು ಹೀರಿಕೆಯಾಯಿತು ಎಂದು ನೋಡಿದರೆ ಪಿಎಚ್ ಸಿಗುತ್ತದೆ. ಒಟ್ಟು ಕ್ಷಾರತೆಗೆ, ಅಂದರೆ ನೀರು ಹುಳಿಯನ್ನು ಎಷ್ಟು ತಡೆದುಕೊಳ್ಳುತ್ತದೆ ಎಂಬುದಕ್ಕೆ, ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಅಳೆಯುವ ಟೈಟ್ರೇಷನ್. ಈ ಎರಡು ತಿಳಿದರೆ ಕಾರ್ಬೋನೇಟಿನ ಪ್ರಮಾಣವನ್ನು ಲೆಕ್ಕ ಹಾಕಿ ತೆಗೆಯಬಹುದು. ಕ್ಷಾರತೆಯ ಅಳತೆ ಸರಿಯಿದೆಯೇ ಎಂದು ತಾಳೆ ನೋಡಲು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ತಯಾರಾದ ಪ್ರಮಾಣಿತ ಸಮುದ್ರನೀರು ಬಳಸುತ್ತೇವೆ.

ಕರಾವಳಿಯಲ್ಲಿ ಒಂದು ಸಲ ಅಳೆದು ತೀರ್ಪು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣನೆಯ ನೀರು ನಮ್ಮ ದಂಡೆಯತ್ತ ಏರಿ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು, ಪಿಎಚ್ ಕಡಿಮೆ. ಅದೇ ಹೊತ್ತಿಗೆ ಮೇಲಿನಿಂದ ಕಾಳಿ, ಶರಾವತಿ, ನೇತ್ರಾವತಿಗಳ ಸಿಹಿನೀರು ಬಂದು ಸುರಿಯುತ್ತದೆ. ಒಂದೇ ವರ್ಷದೊಳಗಿನ ಈ ಏರಿಳಿತದ ಮುಂದೆ ನೂರಾರು ವರ್ಷಗಳ 0.1 ಸಣ್ಣದಾಗಿ ಕಾಣುತ್ತದೆ. ಅದೇ ಜಾಗಕ್ಕೆ, ಅದೇ ಆಳಕ್ಕೆ, ಎಲ್ಲ ಋತುಗಳಲ್ಲೂ, ವರ್ಷಗಟ್ಟಲೆ ಹೋಗುತ್ತಿರಬೇಕು.

ಈಗ ವಿದ್ಯಾರ್ಥಿಗಳನ್ನು ಹೊನಗುಂಟಾಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಕಾಗಿಣಾ ನದಿ ಭೀಮೆಯನ್ನು ಸೇರುತ್ತದೆ. ಸೇಡಂ, ಮಳಖೇಡ ಸೀಮೆಯ ಸುಣ್ಣದ ಕಲ್ಲಿನ ಮೇಲೆ ಹರಿದು ಬಂದ ನೀರು ಅದು. ಕರಗಿದ ಕಲ್ಲು ಬೈಕಾರ್ಬೋನೇಟಾಗಿ ಭೀಮೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಸಮುದ್ರಕ್ಕೆ ಬರುವುದು ಇಂಥ ಕಲ್ಲುಗಳಿಂದ. ನಮ್ಮ ಫರ್ಸಿಯ ಪಾಲೂ ಅಲ್ಲಿದೆ ಎಂದಾಗ, ಒಮ್ಮೆ ಜೊತೆಗೆ ಬಂದಿದ್ದ ಕಾಕಾ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದರು.

ನಲ್ಲಿ ಇರುವ ಕ್ಯಾನನ್ನು ನದಿಯಲ್ಲಿ ಮುಳುಗಿಸಿ ತುಂಬಿ, ಅದರಿಂದ ಬಾಟಲಿಗೆ ಹಿಡಿಯುವುದನ್ನು ಕಲಿಸುತ್ತಿದ್ದೆ. ವಿಷ ಬಳಸುವುದಿಲ್ಲ, ಕೈ ಪಳಗಲು ಅಷ್ಟೇ. ಒಬ್ಬ ಹುಡುಗಿ ತುಂಬಿದ ಬಾಟಲಿಯನ್ನು ಕಾಕಾ ಇಸಿದುಕೊಂಡು, ಗಣಿಯಲ್ಲಿ ಕಲ್ಲಿನ ಬಿರುಕು ಹುಡುಕುವಂತೆ ಬಿಸಿಲಿಗೆ ಹಿಡಿದು ತಿರುಗಿಸಿದರು. "ಇಲ್ಲೊಂದಿದೆ ನೋಡವ್ವಾ" ಎಂದರು. ಕುತ್ತಿಗೆಯ ಕೆಳಗೆ ಸಾಸಿವೆಯಷ್ಟು ಗುಳ್ಳೆ. ಹುಡುಗಿ ನೀರನ್ನೆಲ್ಲ ಮರಳಿಗೆ ಚೆಲ್ಲಿ, ಕೊಳವೆಯ ತುದಿಯನ್ನು ಮತ್ತೆ ತಳಕ್ಕೆ ಇಳಿಸಿದಳು.